ಖಾಲಿ ಡಬಲ್ ಟ್ರಾಲಿ, ಬಂಡಿ ಹಾದಿ, ಪೂರಾ ರಿವರ್ಸ್: ನನ್ನ ಅನುಭವ

ನಮ್ಮೂರ ಚಾ ಅಂಗಡಿ ಕಟ್ಟಿ ಮ್ಯಾಗ ಕುಂತು ನನ್ನ ಡಬಲ್ ಟ್ರಾಲಿ ರಿವರ್ಸ್ ಜುಗಾಡಕ್ಕ ನಕ್ಕೋರೇ ಈಗ ಅದರ ಅಳತಿ ಕೇಳ್ಲಾಕ ಮನಿಗೆ ಬರ್ಲತ್ತಾರ, ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋವಾಯ್ತು, ಅದಕ್ಕ ಒಮ್ಮೆ ಬರ್ದೇ ಬಿಡ್ತೀನಿ. ಟ್ರ್ಯಾಕ್ಟರಿಗೆ ಎರಡು ಖಾಲಿ ಕಬ್ಬಿನ ಟ್ರಾಲಿ ಹಚ್ಚಿಕೊಂಡು, ನಡುವಿನ ಪಿನ್ ಬಿಚ್ಚದಂಗ, ಬಂಡಿ ಹಾದ್ಯಾಗ ಸುಮಾರು 200 ಫೂಟ್ ಹಿಂದಕ್ಕ ಹೋಗೋದು. ಹೋದ ಸೀಸನ್ ಪೂರಾ ಹಂಗೇ ಹೊಡ್ದೀನಿ. ಮೂವತ್ತು ಸಲಾ ಆಗಿರಬೇಕು, ಎರಡು ಸಲಾ ಬಿಟ್ರ ಎಲ್ಲಾ ಸರಿ ಹೋಗ್ಯಾದ.

ಹಾದಿ ಹೆಂಗದ ಅಂತ ನಿಮಗ ಗೊತ್ತದ. ಅಫಜಲಪುರ ತಾಲೂಕು, ಭೀಮಾ ದಂಡಿ ಹೊಲ, ಎರಡೂ ಕಡೆ ಬದು, ನಡುವ ಒಂಬತ್ತು ಹತ್ತು ಫೂಟ್ ಹಾದಿ, ಒಂದು ಕಡೆ ಜಾಲಿ ಕಂಟಿ, ಇನ್ನೊಂದು ಕಡೆ ಯಾರದೋ ನೀರಿನ ಪೈಪ್, ಕೊನಿಗೆ ಕಬ್ಬು. ತಿರುಗಿಸಲಾಕ ಜಾಗಾ ಇಲ್ಲ. ಮೂತಿ ಮುಂದ ಮಾಡಿ ಹೋದ್ರ ತುಂಬಿದ ಮ್ಯಾಗ ಹೊರಗ ಬರಲಾಕ ಆಗಲ್ಲ, ಅದಕ್ಕ ಖಾಲಿ ಇದ್ದಾಗ್ಲೇ ಹಿಂದಕ್ಕ ಹೋಗಿ ನಿಲ್ಲಬೇಕು. ಎಲ್ಲರೂ ಮಾಡೋದು ಏನಂದ್ರ ಹಿಂದಿನ ಟ್ರಾಲಿ ಡಾಂಬರ್ ರೋಡಿನ ಬಾಜೂಕ ಬಿಚ್ಚಿ ಇಟ್ಟು, ಮೊದಲನೇದು ಒಯ್ದು ತುಂಬಿ ತಂದು, ಮತ್ತ ಎರಡನೇದಕ್ಕ ಹೋಗಿ, ಮತ್ತ ಜ್ಯಾಕ್ ಹಚ್ಚಿ ಎತ್ತಿ ಪಿನ್ ಕೂಡ್ಸಿ... ಎರಡು ತಾಸು ಅಲ್ಲೇ ಹೋಯ್ತು. ಕಬ್ಬು ಕಡಿಯೋ ಗ್ಯಾಂಗಿನ ಮುಕಾದಮ ಬೈತಾನ, ಅವರಿಗೆ ಟನ್ ಲೆಕ್ಕ, ಖಾಲಿ ಕುಂತ್ರ ಅವರ ಹೊಟ್ಟಿಗೆ ಏಟು. ಕಾರ್ಖಾನಿ ಯಾರ್ಡ್‌ನಾಗ ಪಾಳಿ ತಪ್ಪಿತು ಅಂದ್ರ ರಾತ್ರಿ ಪೂರಾ ಟ್ರಾಲಿ ತೆಳಗ ಮಲಗೋದು. 2024-25ಕ್ಕ ಎಫ್‌ಆರ್‌ಪಿ (ಸರ್ಕಾರ ಗೊತ್ತು ಮಾಡೋ ಕಬ್ಬಿನ ದರ) ಕ್ವಿಂಟಲ್‌ಗೆ 340 ಆಯ್ತು ಅಂತ ರೈತರರೆ ಜರಾ ನಕ್ರು, ನಮ್ಮ ಬಾಡಿಗಿ ಇದ್ದಲ್ಲೇ ಉಳೀತು. ನನ್ನ ಲೆಕ್ಕದಾಗ ಬಿಚ್ಚಿ ಕೂಡ್ಸೋ ಕೆಲಸಕ್ಕೇ ಡೀಸೆಲ್, ಕೂಲಿ ಸೇರಿ ಒಂದು ಸಲಕ್ಕ ಐದಾರು ನೂರು ಹೋಗ್ತಿತ್ತು, ವಾರದಾಗ ಒಂದು ಟ್ರಿಪ್ ತಪ್ಪೋದು ಬ್ಯಾರೆ.

ಕೈಚಳಕದಿಂದಲೇ ಡಬಲ್ ರಿವರ್ಸ್ ಹೊಡಿಯೋರು ಇದ್ದಾರ, ಇಲ್ಲ ಅನ್ನಲ್ಲ. ಬಿಜಾಪುರ, ಬಾಗಲಕೋಟಿ ಕಡೆ ರಿವರ್ಸ್ ಸ್ಪರ್ಧೆನೇ ಇಡ್ತಾರ. ನಮ್ಮೂರಾಗೂ ಒಬ್ಬ ಹುಡುಗ ಅದಾನ, ಎರಡು ಮೂರು ಕಡೆ ಬಹುಮಾನ ತಂದಾನ. ಒಂಟಿ ಟ್ರಾಲಿಗೆ ಸ್ಟೇರಿಂಗ್ ಉಲ್ಟಾ, ಡಬಲ್‌ಗೆ ಉಲ್ಟಾದ ಉಲ್ಟಾ, ಅಂದ್ರ ಬಾಲ ಎಡಕ್ಕ ಬೇಕಂದ್ರ ಸ್ಟೇರಿಂಗೂ ಎಡಕ್ಕೇ, ಆದ್ರ ಅದು ಬಾಲಕ್ಕ ಮುಟ್ಟೋದ್ರಾಗ ನಡುವಿಂದು ಮಡಚಿಕೊಂಡಿರ್ತದ. ಮೈದಾನದಾಗ ಅದು ಚಂದ. ಬದು ನಡುವ ಅರ್ಧ ಫೂಟ್ ತಪ್ಪಿದ್ರ ಮುಗೀತು. ನಾನು ಒಂದು ಸೀಸನ್ ಪ್ರಯತ್ನ ಮಾಡ್ದೆ, ಯಾರದೋ ಪಿವಿಸಿ ಪೈಪ್ ಒಡ್ದು 1,800 ಕೊಟ್ಟು ಸುಮ್ನಾದೆ.

ಆಮ್ಯಾಲ ಕ್ಯಾಮೆರಾ. ವೈರ್‌ಲೆಸ್ ಅಂತ ಒಂದು ತರ್ಸಿದೆ, ಸಾವಿರದ ಮುನ್ನೂರೋ ನಾನೂರೋ, ಹಿಂದಿನ ಟ್ರಾಲಿಗೆ ಕಟ್ಟಿದೆ. ಎರಿ ಮಣ್ಣಿನ ಧೂಳಿಗೆ ಎರಡು ದಿನದಾಗ ಕುರುಡಾಯ್ತು. ಮೊಬೈಲ್ ವಿಡಿಯೋ ಕಾಲ್ ಹಚ್ಚಿ ನೋಡಿದೆ, ಚಿತ್ರ ಎರಡು ಸೆಕೆಂಡ್ ತಡಾ ಬರ್ತದ, ನಾ ಬ್ರೇಕ್ ಹಾಕೋದ್ರಾಗ ಬದು ಹತ್ತಿ ಕುಂತಿತ್ತು. ಅಣ್ಣನ ಮಗನಿಗೆ ಹಿಂದ ನಿಲ್ಸಿದೆ. "ಕಾಕಾ ಎಡಕ್ಕ, ಎಡಕ್ಕ" ಅಂತಾನ, ಯಾರ ಎಡಕ್ಕೋ ಮಾರಾಯಾ, ನಿನ್ನ ಎಡಕ್ಕೋ ನನ್ನ ಎಡಕ್ಕೋ? ಕಡಿಗೆ ಅವನಿಗೆ ಸೀಟಿ ಕೊಟ್ಟೆ, ಒಂದು ಸೀಟಿ ನಿಲ್ಲು, ಅಷ್ಟೇ. ಅದೊಂದು ಮಾತ್ರ ಇವತ್ತಿಗೂ ನಡ್ದದ. ಎರಡು ಟ್ರಾಲಿ ನಡುವ ಅಡ್ಡಡ್ಡ ಸರಪಳಿ ಬಿಗ್ದೂ ನೋಡೀನಿ. ಒಂದು ಗುಂಡಿ ಇಳಿದ ಕೂಡ್ಲೆ ಸಡಿಲಾಗಿ ಜೋತು ಬಿತ್ತು, ಗಾಲಿ ಅದರ ಮ್ಯಾಗೇ ಹತ್ತಿತು. ಸರಪಳಿ ಎಳಿಲಾಕ ಬರ್ತದ, ತಳ್ಳಲಾಕ ಬರಲ್ಲ.

ಬುದ್ಧಿ ಬಂದಿದ್ದು ಜೀಪಿನಿಂದ. ನಮ್ಮ ಸೋದರಮಾವಂದು ಒಂದು ಹಳೆ ಮಹೀಂದ್ರಾ ಜೀಪ್ ಕಲಬುರಗ್ಯಾಗ ಇಂಜಿನ್ ಬಿಟ್ಟು ನಿಂತಿತ್ತು, ಊರಿಗೆ ತರಬೇಕು, ಕ್ರೇನ್‌ನವ ಕೇಳಿದ ರೇಟಿಗೆ ಇನ್ನೊಂದು ಜೀಪ್ ಬರ್ತಿತ್ತು. ನಾನು ಆ್ಯಂಗಲ್ ಕಬ್ಬಿಣದಾಗ ಇಂಗ್ಲಿಷ್ A ಆಕಾರದ ಒಂದು ಫ್ರೇಮ್ ಮಾಡ್ಸಿ, ಎರಡು ಕಾಲು ಜೀಪಿನ ಚಾಸಿಗೆ ಪಿನ್ ಹಾಕಿ, ಚೂಪು ತುದಿ ಟ್ರ್ಯಾಕ್ಟರ್ ಹುಕ್ಕಿಗೆ, ಗೇರ್ ನ್ಯೂಟ್ರಲ್, ಟ್ರಾನ್ಸ್‌ಫರ್ ಲಿವರೂ ನ್ಯೂಟ್ರಲ್, ನಾಕೂ ಗಾಲಿ ನೆಲದ ಮ್ಯಾಗೇ ಇಟ್ಟು ಚೌಡಾಪುರ ಮ್ಯಾಗಿಂದ ನಿಧಾನಕ್ಕ ತಂದೆ. ಮುಂದ ಎಳಿವಾಗ ಏನೂ ತ್ರಾಸಿಲ್ಲ, ಸ್ಟೇರಿಂಗ್ ತಾನೇ ತಿರುಗ್ತದ, ಒಳಗ ದೆವ್ವ ಕುಂತು ಹೊಡ್ದಂಗ. ಮಾವನ ಮನಿ ಸಂದ್ಯಾಗ ರಿವರ್ಸ್ ಹಾಕಿದ್ದೇ ತಡ, ಜೀಪಿನ ಮುಂದಿನ ಗಾಲಿ ಒಮ್ಮೆಲೆ ಫುಲ್ ಕಟ್ ಆಗಿ ಅಡ್ಡ ನಿಂತ್ವು, ಫ್ರೇಮಿನ ಒಂದು ಕಾಲು ಬಿಲ್ಲಿನಂಗ ಬಾಗ್ತು. ಮುಂದ ಎಳಿದ್ರ ತಾವೇ ನೆಟ್ಟಗಾಗೋ ಗಾಲಿ ಹಿಂದಕ್ಕ ತಳ್ಳಿದ್ರ ಅಡ್ಡ ಬೀಳ್ತಾವ, ಅವುಗಳ ಗುಣಾನೇ ಹಂಗ. ಮಾವ ಅಂದ, "ಬಿಚ್ಚೋ ಮಾರಾಯಾ, ನಾಕು ಮಂದಿ ಕರ್ದು ತಳ್ಳೋಣು." ನನಗ ಹಟಾ ಬಂತು. ಮೊದಲು ಎಂಟ್ಹತ್ತು ಫೂಟ್ ಮುಂದ ಎಳ್ದು ಎಲ್ಲಾ ಒಂದೇ ಗೆರ್ಯಾಗ ತಂದೆ, ಗಾಲಿ ನೆಟ್ಟಗಾದ್ವು, ಆಗ ಸ್ಟೇರಿಂಗ್ ಚಕ್ರ ಸೀಟಿನ ಕಬ್ಬಿಣಕ್ಕ ಎರಡೂ ಕಡಿಂದ ನೂಲಿನ ಹಗ್ಗದಲೆ ಬಿಗಿ ಕಟ್ಟಿದೆ, ಹಗ್ಗಕ್ಕ ನೀರು ಚಿಮಕ್ಸಿದೆ, ತೊಯ್ದ್ರ ಇನ್ನೂ ಬಿಗೀತದ. ಈಗ ಜೀಪ್ ಅನ್ನೋದು ಒಂಟಿ ಟ್ರಾಲಿ ಆಯ್ತು! ಗಾಲಿ ಜರಾ ತಿಕ್ಕಿದ್ವು, ಆದ್ರ ಸಂದಿ ಒಳಗ ಹೋಗಿ ಗೋಡಿ ಬಾಜೂಕ ನಿಂತಿತು. (ಮುಂದ ಎಳಿವಾಗ ಆ ಹಗ್ಗ ಬಿಚ್ಚಬೇಕು, ಮರ್ತ್ರ ಟೈರ್ ಕೈಗೆ ಬರ್ತದ.)

ಅವತ್ತು ರಾತ್ರಿ ಊಟಕ್ಕ ಕುಂತಾಗ ತಲ್ಯಾಗ ಬಂತು, ಡಬಲ್ ಟ್ರಾಲಿದಾಗೂ ಹುಳುಕು ನಡುವಿನ ಗಂಟಿಂದೇ ಅಲ್ಲಾ, ಅದನ್ನೇ ಕಟ್ಟಿ ಹಾಕಿದ್ರ? ಎರಡು ಟ್ರಾಲಿ ಕೂಡಿ ಒಂದು ಉದ್ದನ ಟ್ರಾಲಿ ಆಗ್ತದ, ಆಗ ಸ್ಟೇರಿಂಗ್ ಬರೀ ಒಂದೇ ಉಲ್ಟಾ.

ಮರುದಿನ ವೆಲ್ಡಿಂಗ್ ಅಂಗಡಿಗೆ ಹೋದೆ. ಎರಡು ಇಂಚಿನ ಪೈಪ್ ಎರಡು, ಮೊದಲನೇ ಟ್ರಾಲಿ ಬಾಲದ ಎರಡು ಮೂಲಿಗೆ ಕಿವಿ (ಪಿನ್ ಹಾಕೋ ತೂತಿನ ಪಟ್ಟಿ), ಎರಡನೇ ಟ್ರಾಲಿ ಚಾಸಿ ಮುಂದಿನ ಎರಡು ಮೂಲಿಗೆ ಕಿವಿ, ನಡುವ ಪೈಪ್, ಪಿನ್. ವೆಲ್ಡಿಂಗ್‌ನವ "ಅಣ್ಣಾ, ಇದು ಉಳಿಯಲ್ಲ ನೋಡು" ಅಂದ, ನಾ ಕೇಳ್ಲಿಲ್ಲ. ಮೂರು ಸಾವಿರದ ಮ್ಯಾಗ ಆಯ್ತು. ಸಪಾಟ್ ಜಾಗದಾಗ ಬೆಣ್ಣ್ಯಾಗಿನ ಕೂದಲಂಗ ಹೋಯ್ತು. ಹೊಲದ ಬಾಯಿಗೆ ಒಂದು ಸಣ್ಣ ಇಳಿಜಾರು, ಹಿಂದಿನ ಟ್ರಾಲಿ ಇಳಿತು, ಮುಂದಿಂದು ಇನ್ನೂ ಮ್ಯಾಗ, ಟಕ್ ಅಂತ ಶಬ್ದ, ಎರಡೂ ಪೈಪ್ ಬಾಗಿ ಬಾಳಿಕಾಯಿ ಆದ್ವು. ಗ್ಯಾಂಗಿನ ಹೆಣ್ಮಕ್ಕಳೆಲ್ಲ ಕುಡಗೋಲು ಇಟ್ಟು ನಿಂತು ನಕ್ರು. ಬಹುಮಾನದ ಹುಡುಗ ಫೋಟೋ ಬ್ಯಾರೆ ಹೊಡ್ಕೊಂಡ.

ಬಾಗಿದ ಪೈಪ್ ಮನಿ ಮುಂದ ಇಟ್ಟುಕೊಂಡು ವಾರಗಟ್ಟಲೆ ನೋಡ್ದೆ. ತಪ್ಪು ಪೈಪಿಂದಲ್ಲ, ಕಿವಿ ಹಚ್ಚಿದ ಜಾಗದ್ದು. ಹುಕ್ಕಿನ ಪಿನ್ ತೆಳಗ ಇತ್ತು, ನನ್ನ ಕಿವಿ ಅದರಕಿಂತ ಐದಾರು ಇಂಚು ಮ್ಯಾಗ. ಟ್ರಾಲಿ ಎದ್ದು ಬಿದ್ದು ಮಾಡುವಾಗ ಮೂರೂ ಕೂಡಿ ತಿರುಗಲಾಕ ಬರಲ್ಲ, ಒಂದಕ್ಕೊಂದು ಜಗ್ಗಾಡ್ತಾವ. ಬಾಗಲದ ಬಿಜಾಗ್ರಿ ನೋಡ್ರಿ, ಮೂರೂ ಒಂದೇ ಗೆರ್ಯಾಗ ಇದ್ರ ಬಾಗಲ ಹಗೂರ ತಿರುಗ್ತದ, ಒಂದು ಸೊಟ್ಟ ಇದ್ರ ಕಿತ್ಕೊಂಡು ಬರ್ತದ. ಅಷ್ಟೇ ವಿಷಯ. ಮೊದಲನೇ ಟ್ರಾಲಿ ಬಾಲದಾಗ ಎಡ ಕಿವಿ, ನಡುವಿನ ಹುಕ್, ಬಲ ಕಿವಿ, ಮೂರೂ ಒಂದೇ ಎತ್ತರದಾಗ ಬರೋವಂಗ ಕಿವಿ ತೆಳಗ ಇಳಿಸಿ ದಪ್ಪ ಪಟ್ಟಿಲೆ ಹೊಸದಾಗಿ ಹಚ್ಸಿದೆ, ದಾರ ಹಿಡ್ದು ನೋಡ್ದೆ. ಪೈಪ್ ಬಿಟ್ಟು ಮೂರು ಇಂಚಿನ ಚಾನಲ್ (C ಆಕಾರದ ಕಬ್ಬಿಣ) ತಗೊಂಡೆ, ಹಿಂದಿನ ಟ್ರಾಲಿ ಕಡೆ ಎರಡೆರಡು ಬೋಲ್ಟ್ ಹಾಕಿ ಗಟ್ಟಿ. ಒಂದೇ ಗಾಲಿ ಬದು ಹತ್ತಿದಾಗ ಟ್ರಾಲಿ ತಿರುಚ್ತದ, ಅದಕ್ಕ ಕಿವಿ ತೂತು ಪಿನ್ನಿನಕಿಂತ ದೊಡ್ಡದು, ಅದೂ ಗುಂಡಗ ಅಲ್ಲ, ಮ್ಯಾಗ ತೆಳಗ ಉದ್ದ. ಎಷ್ಟು ಉದ್ದ ಅಂತ ಕೇಳಬ್ಯಾಡ್ರಿ, ಆ ಅಳತಿಗೆ ನಾಕು ಸಲಾ ಗ್ಯಾಸ್ ಕಟ್ಟರ್ ರೊಕ್ಕ ಕೊಟ್ಟೀನಿ, ಅದು ನನ್ನ ಹತ್ರಾನೇ ಇರ್ಲಿ. ಎಡಕ್ಕ ಬಲಕ್ಕ ಮಾತ್ರ ಸಡಿಲ ಇರಬಾರದು, ಇಷ್ಟು ಹೇಳ್ತೀನಿ.

ಎರಡನೇ ಸಲದ ಖರ್ಚು ನಾಕು ಸಾವಿರದ ಆಸುಪಾಸು. ಮೊದಲಿಂದು, ಜೀಪಿನ ಫ್ರೇಮು, ಕ್ಯಾಮೆರಾ ಎಲ್ಲಾ ಹಿಡಿದ್ರ ಹತ್ತು ಸಾವಿರ ದಾಟ್ಯಾದ, ಮನ್ಯಾಗ ಆರು ಅಂತ ಹೇಳೀನಿ. ಆದ್ರೂ ಸಂಕ್ರಾಂತಿ ದಾಟಿ ಸ್ವಲ್ಪ ದಿನಕ್ಕ ಆ ರೊಕ್ಕ ವಾಪಸ್ ಬಂದಿತ್ತು.

ಹೊಡಿಯೋದ್ರಾಗ ಹೆಚ್ಚೇನಿಲ್ಲ. ರೋಡಿನ ಮ್ಯಾಗೇ ಮುಂದ ಎಳ್ದು ನೆಟ್ಟಗ ಮಾಡ್ಕೋಬೇಕು, ಆಮ್ಯಾಲ ಚಾನಲ್ ಹಾಕಬೇಕು, ಸೊಟ್ಟ ಇದ್ದಾಗ ಪಿನ್ ಕೂಡೋದೇ ಇಲ್ಲ. ಲೋ ರಿವರ್ಸ್, ರೇಸ್ ಕಡಿಮಿ, ಹದಿನೈದು ಇಪ್ಪತ್ತು ಫೂಟಿಗೊಮ್ಮೆ ನಿಲ್ಲೋದು. ಟ್ರಾಲಿ ಮೂಲಿ ನೋಡಬ್ಯಾಡ್ರಿ, ಹಿಂದಿನ ಟ್ರಾಲಿ ಗಾಲಿ ನೋಡ್ರಿ. ದೊಡ್ಡ ತಿರುವು ಆಗಲ್ಲ, ಎರಡು ಅಚ್ಚು ಅಷ್ಟು ದೂರ ಇದ್ದ ಮ್ಯಾಗ ಟೈರ್ ತಿಕ್ತಾವ, ಹದಾ ಕಡಿಮಿ ಇರೋ ಎರಿ ಮಣ್ಣಾಗ ಜಾರ್ಕೊಂಡು ಹೋಗ್ತಾವ, ಡಾಂಬರ್ ಮ್ಯಾಗ ಚೀರ್ತಾವ. ಮಳಿ ಬಿದ್ದ ಎರ್ಯಾಗ ಮತ್ತ ತುಂಬಿದ ಟ್ರಾಲಿಗೆ ಇದು ಬ್ಯಾಡೇ ಬ್ಯಾಡ.

ಕೆಟ್ಟ ಎರಡು ಸಲಾ ಅಂದ್ನಲ್ಲ. ಒಂದು, ಸೀಟಿ ಹುಡುಗ ಫೋನ್‌ನಾಗ ಇದ್ದ, ಜಾಲಿ ಮುಳ್ಳಿಗೆ ಟೈರ್ ಹೋಯ್ತು. ಇನ್ನೊಂದು ಪೂರಾ ನಂದೇ ತಪ್ಪು. ತುಂಬಿದ ಮ್ಯಾಗ ಚಾನಲ್ ತಗೀಲಾರ್ದೆ ಹೊಂಟೆ. ಹಾದಿ ನೆಟ್ಟಗ ಇತ್ತು, ಗೊತ್ತಾಗ್ಲಿಲ್ಲ, ರೋಡಿಗೆ ಹೊಳ್ಳುವಾಗ ಎಡ ಕಿವಿ ಪಟ್ಟಿ ಸಮೇತ ಕಿತ್ಕೊಂಡು ಬಂತು, ಟ್ರಾಲಿ ಒಂದು ಕಡೆ ವಾಲಿ ಕಬ್ಬು ಅರ್ಧ ಟನ್ ರೋಡಿಗೆ ಚೆಲ್ತು, ದನಾ ಕಾಯೋ ಹುಡುಗರಿಗೆ ಹಬ್ಬ. ಅವತ್ತಿಂದ ಒಂದು ಪಿನ್ನಿಗೆ ಕೆಂಪು ಅರಿವಿ ಕಟ್ಟಿ, ಹಿಂದಕ್ಕ ಹೋಗಿ ಗಾಡಿ ಬಂದ್ ಮಾಡಿದ ಕೂಡ್ಲೆ ಅದರ ಇನ್ನೊಂದು ತುದಿಗೆ ಟ್ರ್ಯಾಕ್ಟರ್ ಚಾವಿ ಕಟ್ಟತೀನಿ. ಪಿನ್ ಬಿಚ್ಚಿ ತರದಂಗ ಗಾಡಿ ಚಾಲೂನೇ ಆಗಲ್ಲ.

ಬಹುಮಾನದ ಹುಡುಗ ಮೊನ್ನಿ ಬಂದಿದ್ದ. "ಕಾಕಾ, ಇದು ರಿವರ್ಸ್ ಅಲ್ಲ, ಮೋಸ" ಅಂತ ಶುರು ಮಾಡಿ, ಚಾ ಕುಡ್ದು, ಕಡಿಗೆ ಟೇಪ್ ಹಿಡ್ದು ಚಾನಲ್ ಉದ್ದ ಅಳ್ಕೊಂಡು ಹೋದ. ತೂತಿನ ಅಳತಿ ಅವನಿಗೂ ಹೇಳಿಲ್ಲ, ಪಿನ್ ಹಾಕಿಯೇ ತೋರ್ಸಿದೆ. ಈ ಸಲಾ ನಾಕು ಗಾಲಿ ಟ್ರಾಲಿಗೆ, ಮುಂದಿನ ಅಚ್ಚು ತಿರುಗತದಲ್ಲ, ಅದಕ್ಕ ಜೀಪಿನ ಹಗ್ಗದಂಗ ಏನರೆ ಮಾಡ್ಲಾಕ ಬರ್ತದೇನು ಅಂತ ನೋಡ್ಲತ್ತೀನಿ, ಕಬ್ಬಿಣಕ್ಕ ಎರಡು ಸಾವಿರ ಆಗ್ಲೇ ಕೊಟ್ಟಾಗ್ಯಾದ.