ಬಾಸ್ಕೆಟ್‌ಬಾಲ್ ಹುಡುಗನನ್ನು ಟೈಟ್ ಎಂಡ್ ಮಾಡಿದ್ದು

"ಮೈಗೆ ಮೈ ಬಡಿದ್ರೆ ಹೆದರ್ತಾನೆ. ಬಾಸ್ಕೆಟ್‌ಬಾಲೇ ಆಡ್ಕೊಂಡಿರ್ಲಿ ಬಿಡಿ ಸಾರ್." ಸ್ಯಾನ್ ಡಿಯೇಗೊದಲ್ಲಿ ನನ್ನ ಜೊತೆ ಶನಿವಾರ ಮಕ್ಕಳಿಗೆ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಆಡೋದು) ಕಲಿಸುವ ಇನ್ನೊಬ್ಬ ಕನ್ನಡದ ಅಪ್ಪ ಹೀಗಂದು ಮೂರು ವರ್ಷವಾಯ್ತು. ಅದೇ ಹುಡುಗ, ಅಂದ್ರೆ ನನ್ನ ಮಗ, ಈ ಸೀಸನ್ನಿನಲ್ಲಿ ಹೈಸ್ಕೂಲ್ ಟೀಮಿಗೆ ಟೈಟ್ ಎಂಡ್ ಆಗಿ, ಅಂದ್ರೆ ಎದುರಾಳಿಯನ್ನು ಮೈಯಿಂದ ತಡೆಯೋದು (ಬ್ಲಾಕ್), ಪಾಸ್ ಹಿಡಿಯೋದು ಎರಡನ್ನೂ ಮಾಡುವ ಆಟಗಾರನಾಗಿ, ಮೂವತ್ತರ ಹತ್ತಿರ ಕ್ಯಾಚ್ ಹಿಡಿದ. ಅದಕ್ಕೇ ಬರೀತಾ ಇದ್ದೇನೆ.

ನನಗೆ ಈ ಹುಚ್ಚು ಹಿಡಿಸಿದ್ದು ಟೈಟ್ ಎಂಡ್ ಆಂಟೊನಿಯೊ ಗೇಟ್ಸ್. ಕೆಂಟ್ ಸ್ಟೇಟ್‌ನಲ್ಲಿ ಬಾಸ್ಕೆಟ್‌ಬಾಲ್ ಆಡಿದವರು. ಕಾಲೇಜಿನಲ್ಲಿ ಒಂದು ಫುಟ್‌ಬಾಲ್ ಮ್ಯಾಚೂ ಆಡಲಿಲ್ಲ. ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 2003ರ ಡ್ರಾಫ್ಟಿನಲ್ಲಿ ಯಾರೂ ಕರೆಯಲಿಲ್ಲ. ಆಗಿನ್ನೂ ನಮ್ಮೂರಲ್ಲೇ ಇದ್ದ ಚಾರ್ಜರ್ಸ್ ತಂಡ ಸೇರಿಸಿಕೊಂಡಿತು. ಮರುವರ್ಷವೇ 81 ಕ್ಯಾಚ್, 13 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಗಳಿಸುವ ಸ್ಕೋರ್)! 2018ರವರೆಗೆ ಆಡಿ ಒಟ್ಟು 116 ಟಚ್‌ಡೌನ್ ಮಾಡಿದರು. 2025ರಲ್ಲಿ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಗೌರವ. ಬಾಸ್ಕೆಟ್‌ಬಾಲಿನಲ್ಲಿ ರಿಬೌಂಡಿಗೆ (ಬುಟ್ಟಿಗೆ ಬೀಳದೆ ಪುಟಿದು ಬರುವ ಚೆಂಡಿಗೆ) ನಿಂತ ಹಾಗೆ ಬೆನ್ನಿನಿಂದ ಎದುರಾಳಿಯನ್ನು ತಡೆದು, ಚೆಂಡನ್ನು ತಮ್ಮ ಮುಂದೆ ಇಟ್ಟುಕೊಳ್ಳೋದು ಅವರ ಆಟ.

ಮೊದಲ ವರ್ಷ ನಾನು ಇದನ್ನು ಬಿಟ್ಟು ಬೇರೆಲ್ಲ ಮಾಡಿದೆ. ಚೆಂಡು ಎಸೆಯುವ ಹಳೇ ಮಷೀನಿಗೆ ಸುಮಾರು 900 ಡಾಲರ್ ಸುರಿದೆ. ಒಂದೇ ತಿಂಗಳಲ್ಲಿ ಮೋಟರ್ ಹೋಯ್ತು, ಮಾರಿದವನು ಫೋನ್ ಎತ್ತೋದು ನಿಲ್ಲಿಸಿದ. ಮನೆಯವಳು ಈಗಲೂ ಹಂಗಿಸ್ತಾಳೆ. ಭುಜದಿಂದ ತಳ್ಳಿ ಅಭ್ಯಾಸ ಮಾಡುವ ಬ್ಲಾಕಿಂಗ್ ಸ್ಲೆಡ್‌ಗೆ ಇನ್ನೊಂದು 400. ಮೊದಲ ಮ್ಯಾಚಿನಲ್ಲಿ ಮಗನಿಗೆ ಐದು ಪಾಸ್ ಬಂತು, ನಾಲ್ಕು ಕೈಬಿಟ್ಟ. ಬ್ಲಾಕ್ ಮಾಡೋಕೆ ತೆಂಗಿನ ಮರದ ಹಾಗೆ ನೆಟ್ಟಗೆ ನಿಂತ. ಅವನ ಭುಜಕ್ಕೂ ಬಾರದ ಹುಡುಗನೊಬ್ಬ ಕೆಳಗಿನಿಂದ ನುಗ್ಗಿ ಅಂಗಾತ ಮಲಗಿಸಿದ. ಆ ಅಪ್ಪ ನನ್ನ ಕಡೆ ನೋಡಿದ್ದು ಮರೆಯೋದಿಲ್ಲ.

ವಿಡಿಯೋ ನೋಡಿದಾಗ ಗೊತ್ತಾಯ್ತು. ಕೈ ಸರಿಯಾಗೇ ಇದೆ. ಚೆಂಡು ಕೈಗೆ ಬರುವ ಮೊದಲೇ ಯಾರು ಗುದ್ದುತ್ತಾರೋ ಅಂತ ಕಣ್ಣು ಆ ಕಡೆ ಹೋಗ್ತಿದೆ. ಒಂದು ಡಜನ್ ಟೆನಿಸ್ ಬಾಲ್ ತಂದೆ. ಮನೆಯವಳು ಅವುಗಳ ಮೇಲೆ ಮಾರ್ಕರಿನಲ್ಲಿ ಕನ್ನಡ ಅಂಕಿ ಬರೆದಳು. ಹಿಡಿಯುವ ಮುಂಚೆ ಅಂಕಿ ಕೂಗಬೇಕು. ೬ ಮತ್ತು ೯ರಲ್ಲಿ ಅವನು ಯಾವಾಗಲೂ ಎಡವುತ್ತಿದ್ದ. ಬೇಕಂತಲೇ ಅವೆರಡನ್ನೇ ಜಾಸ್ತಿ ಎಸೆದೆ. ದಿನಕ್ಕೆ ನೂರು, ನೂರಿಪ್ಪತ್ತು. ಎರಡು ತಿಂಗಳಿಗೆ ಚೆಂಡನ್ನು ಬೆರಳ ತನಕ ನೋಡೋದು ಅಭ್ಯಾಸವಾಯ್ತು. ಕೈ ಗಟ್ಟಿ ಮಾಡದೆ ಹಿಡಿಯೋದನ್ನು ಮಾತ್ರ ನಮ್ಮ ದ್ರಾವಿಡ್ ಸ್ಲಿಪ್ ಕ್ಯಾಚ್‌ಗಳ ವಿಡಿಯೋ ಹಾಕಿ ಕಲಿಸಿದೆ. ಟೆಸ್ಟಿನಲ್ಲಿ 210 ಕ್ಯಾಚ್ ಸುಮ್ನೆ ಬರುತ್ತಾ?

ಸ್ಲೆಡ್ ಮಾರಿಬಿಟ್ಟೆ. ಹಿತ್ತಲ ಮರಕ್ಕೆ ಹಳೇ ಹಾಸಿಗೆ ಸುತ್ತಿ ಹಗ್ಗ ಬಿಗಿದೆ, ಅವನ ಸೊಂಟದ ಎತ್ತರಕ್ಕೆ ಕೆಂಪು ಟೇಪ್ ಅಂಟಿಸಿದೆ. ಭುಜ ಟೇಪಿನ ಕೆಳಗೆ ಬಡಿದರೆ ಲೆಕ್ಕಕ್ಕುಂಟು, ಮೇಲೆ ಬಡಿದರೆ ಇಲ್ಲ. ಖರ್ಚು ಟೇಪಿನದು ಮಾತ್ರ. ನಡುವೆ ಸೋಪಿನ ನೀರಲ್ಲಿ ಚೆಂಡು ಅದ್ದಿ ಎಸೆದೂ ನೋಡಿದೆ. ಪ್ರಯೋಜನ ಏನೂ ಆಗಲಿಲ್ಲ, ಗ್ಲೌಸ್ ಹಾಳಾಗಿ 40 ಡಾಲರ್ ಹೋಯ್ತು. ಇನ್ನೊಬ್ಬ ಟೈಟ್ ಎಂಡ್ ಟೋನಿ ಗೊನ್ಸಾಲೆಸ್ ತರಹ ಟಚ್‌ಡೌನ್ ಆದಮೇಲೆ ಗೋಲ್‌ಪೋಸ್ಟಿನ ಮೇಲಿಂದ ಚೆಂಡು ಡಂಕ್ ಮಾಡಬೇಕು ಅಂತಲೂ ಇವನಿಗೆ ಆಸೆ. ಎನ್‌ಎಫ್‌ಎಲ್ 2014ರಲ್ಲೇ ಅದನ್ನು ನಿಲ್ಲಿಸಿದೆ ಕಣೋ ಅಂದೆ. ಮುಖ ಸಪ್ಪೆಯಾಯ್ತು.

ಎದುರಾಳಿಗೆ ಬೆನ್ನು ಕೊಡುವಾಗ ಮೊದಲು ಯಾವ ಕಾಲು ಊರಬೇಕು ಅನ್ನೋದೇ ನಿಜವಾದ ಗುಟ್ಟು. ಅದನ್ನು ಇಲ್ಲಿ ಬರೆಯೋದಿಲ್ಲ, ಇನ್ನೂ ಒಂದು ಸೀಸನ್ ಆಟ ಇದೆ.

ಹೋದ ವಾರ ಅದೇ ಅಪ್ಪ ಫೋನ್ ಮಾಡಿ, ಅವರ ಚಿಕ್ಕವನಿಗೆ ಆ ಹಾಸಿಗೆ ಸ್ವಲ್ಪ ದಿನ ಕೊಡ್ತೀರಾ ಅಂತ ಕೇಳಿದರು. ತಗೊಂಡು ಹೋಗಿ ಅಂದೆ. ಮಷೀನ್ ಬೇಕಿದ್ರೆ 300ಕ್ಕೆ ಕೊಡ್ತೀನಿ ಅಂತಲೂ ಹೇಳಿ ನೋಡಿದೆ.