ಬ್ರಾಂಡ್ ಏರ್ ಇನ್‌ಟೇಕೋ, ಭೋಸರಿಯಲ್ಲಿ ಮಾಡಿಸಿದ್ದೋ?

ಪುಣೆಯಲ್ಲಿ ಕಾರಿಗೆ ಬೇರೆ ಏರ್ ಇನ್‌ಟೇಕ್ (ಎಂಜಿನ್ನಿಗೆ ಗಾಳಿ ಒಯ್ಯುವ ಫಿಲ್ಟರ್, ಪೈಪುಗಳ ಜೋಡಣೆ) ಹಾಕಿಸಬೇಕೆಂದು ಹೊರಟವರಿಗೆ ಎರಡು ದಾರಿ. ಕೆ ಅಂಡ್ ಎನ್, ಪೈಪರ್‌ಕ್ರಾಸ್, ಬಿಎಂಸಿಯಂಥ ಹೆಸರುವಾಸಿ ಕಂಪನಿಯ ಮಾಲು ತರಿಸುವುದು ಒಂದು (ಬಿಎಂಸಿ ಎಂದರೆ ಇಲ್ಲಿ ಮುಂಬೈ ಪಾಲಿಕೆಯಲ್ಲ, ಇಟಲಿಯ ಫಿಲ್ಟರ್ ಕಂಪನಿ). ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಯಾವುದಾದರೂ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಅಲ್ಯುಮಿನಿಯಂ ಪೈಪ್ ಬಗ್ಗಿಸಿ, ವೆಲ್ಡಿಂಗ್ ಮಾಡಿಸಿ, ನಮ್ಮ ಕಾರಿನ ಅಳತೆಗೇ ಮಾಡಿಸಿಕೊಳ್ಳುವುದು ಇನ್ನೊಂದು. ಎರಡರಲ್ಲಿ ಯಾವುದು ಮೇಲು ಎನ್ನುವ ಮೊದಲು ಈಗಿರುವ ಏರ್‌ಬಾಕ್ಸ್ (ಫಿಲ್ಟರ್ ಕೂರುವ ಡಬ್ಬಿ) ನಿಜಕ್ಕೂ ಗಾಳಿಯನ್ನು ತಡೆಯುತ್ತಿದೆಯೇ ಎಂದು ನೋಡಬೇಕು. ಇದನ್ನು ಯಾರೂ ನೋಡುವುದಿಲ್ಲ, ಅಲ್ಲೇ ದುಡ್ಡು ಹಾಳಾಗುವುದು.

ಮೊದಲು ಅಳತೆ

1.2 ಲೀಟರ್ ಪೆಟ್ರೋಲ್ ಎಂಜಿನ್ 6,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 3,600 ಲೀಟರ್ ಗಾಳಿ ಎಳೆಯಬಲ್ಲದು. ನಿಜದಲ್ಲಿ 3,000ದ ಆಸುಪಾಸು. ಇಷ್ಟು ಗಾಳಿಗೆ ದಾರಿ ಬಿಟ್ಟೇ ಕಾರು ಕಂಪನಿ ಏರ್‌ಬಾಕ್ಸ್ ಮಾಡಿರುತ್ತದೆ. ಎಲ್ಲಿ ಎಷ್ಟು ತಡೆಯಾಗುತ್ತಿದೆ ಎಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಟ್ಯೂಬ್ 4 ಮೀಟರ್ ಸಾಕು. 75 ಸೆಂ.ಮೀ. ಉದ್ದದ ಹಲಗೆಯ ಮೇಲೆ ಅದನ್ನು ‘ಯು’ ಆಕಾರದಲ್ಲಿ ಕಟ್ಟಿ, ಬಣ್ಣದ ನೀರನ್ನು ಅರ್ಧದವರೆಗೆ ತುಂಬಿ. ಒಂದು ತುದಿ ಕಾರಿನೊಳಗೆ ತೆರೆದೇ ಇರಲಿ, ಗಾಜು ಸ್ವಲ್ಪ ಇಳಿಸಿರಲಿ. ಇನ್ನೊಂದು ತುದಿ ಏರ್‌ಬಾಕ್ಸಿನ ಮೇಲ್ಮುಚ್ಚಳಕ್ಕೆ, ಅಂದರೆ ಫಿಲ್ಟರ್ ದಾಟಿದ ಗಾಳಿಯ ಕಡೆಗೆ ಹೋಗಬೇಕು. ಮುಚ್ಚಳವನ್ನು ಕಾರಿನಿಂದ ಹೊರತೆಗೆದೇ ತೂತು ಕೊರೆದು, ಪ್ಲಾಸ್ಟಿಕ್ ಚೂರುಗಳನ್ನು ತೊಳೆದು ಹಾಕಿ. ಕೆಲಸ ಮುಗಿದ ಮೇಲೆ ರಬ್ಬರ್ ಬಿರಡೆ ಒತ್ತಿ. ನಡುವೆ ಒಂದು ಖಾಲಿ ಬಾಟಲಿ ಸೇರಿಸಿದರೆ ನೀರು ಎಂಜಿನ್ನಿಗೆ ಹೋಗುವ ಭಯವಿಲ್ಲ.

ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ರೆಡ್‌ಲೈನ್‌ವರೆಗೆ (ಆರ್‌ಪಿಎಂ ಮೀಟರಿನ ಕೆಂಪು ಗೆರೆ) ಓಡಿಸಿ. ಪಕ್ಕದಲ್ಲಿ ಕೂತವರು ಟ್ಯೂಬನ್ನು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಎರಡು ಕಡೆಯ ನೀರಿನ ಮಟ್ಟದಲ್ಲಿ 100 ಮಿ.ಮೀ. ವ್ಯತ್ಯಾಸ ಕಂಡರೆ ಸುಮಾರು 1 ಕಿಲೊಪ್ಯಾಸ್ಕಲ್ ಒತ್ತಡ ಕಳೆದಂತೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡವೇ 95 ಕಿಲೊಪ್ಯಾಸ್ಕಲ್ ಹತ್ತಿರ. ಹಾಗಾಗಿ ಪ್ರತಿ 100 ಮಿ.ಮೀ.ಗೆ ಶೇ 1ರಷ್ಟು ಗಾಳಿ ನಷ್ಟ ಎಂದುಕೊಳ್ಳಿ. ಇಡೀ ಏರ್‌ಬಾಕ್ಸ್ ಕಿತ್ತೆಸೆದರೂ ನಿಮಗೆ ಸಿಗುವುದು ಅಷ್ಟೇ. ನಂತರ ಟ್ಯೂಬನ್ನು ಕೆಳಗಿನ ಡಬ್ಬಿಗೆ, ಅಂದರೆ ಫಿಲ್ಟರಿಗೆ ಮೊದಲಿನ ಕಡೆಗೆ ಸಿಕ್ಕಿಸಿ ಮತ್ತೆ ಅಳೆಯಿರಿ. ಎರಡೂ ಅಳತೆ ಹೆಚ್ಚುಕಡಿಮೆ ಒಂದೇ ಬಂದರೆ ತಪ್ಪು ಫಿಲ್ಟರಿನದಲ್ಲ, ಅದಕ್ಕಿಂತ ಮೊದಲು ಗಾಳಿ ಒಳಬರುವ ಸಣ್ಣ ಬಾಯಿಯ ಕೊಳವೆಯದು. ಆಗ ಎಷ್ಟು ದುಬಾರಿ ಫಿಲ್ಟರ್ ತಂದರೂ ನೀರಿನಲ್ಲಿ ಹೋಮ.

ಬಿಸಿಗಾಳಿಯ ಲೆಕ್ಕವನ್ನೂ ಇದರ ಪಕ್ಕದಲ್ಲಿಡಿ. ಹೊರಗೆ 35 ಡಿಗ್ರಿ, ಬಾನೆಟ್ಟಿನೊಳಗೆ 65 ಡಿಗ್ರಿ ಇದ್ದಾಗ ಎಂಜಿನ್ ಒಳಗಿನ ಗಾಳಿಯನ್ನೇ ಎಳೆದರೆ ಶೇ 9ರಷ್ಟು ಗಾಳಿ ಕಡಿಮೆಯಾಗುತ್ತದೆ. ಎಂಜಿನ್ ಪಕ್ಕದಲ್ಲೇ ತೆರೆದ ಕೋನ್ ಫಿಲ್ಟರ್ ನಿಲ್ಲಿಸುವವರು ಗಳಿಸುವುದು ಒಂದೆರಡು, ಕಳೆದುಕೊಳ್ಳುವುದು ಒಂಬತ್ತು. ಸದ್ದು ಮಾತ್ರ ಜೋರಾಗಿರುತ್ತದೆ, ಅದನ್ನೇ ಪಿಕಪ್ ಎಂದುಕೊಳ್ಳುತ್ತಾರೆ.

ಬ್ರಾಂಡ್ ಕಿಟ್ ಯಾವಾಗ

ನಿಮ್ಮದೇ ಎಂಜಿನ್, ನಿಮ್ಮದೇ ಮಾಡೆಲ್ ವರ್ಷ, ಬಲಗಡೆ ಸ್ಟೀರಿಂಗ್ ಇರುವ ಕಾರು: ಮೂರಕ್ಕೂ ಹೊಂದುತ್ತದೆ ಎಂದು ಕಂಪನಿಯ ಪಟ್ಟಿಯಲ್ಲಿದ್ದರೆ ಬ್ರಾಂಡ್ ಕಿಟ್ಟೇ ತೆಗೆದುಕೊಳ್ಳಿ. ಗಾಳಿ ಅಳೆಯುವ ಸೆನ್ಸರ್ ಕೂರುವ ಜಾಗದ ಅಳತೆಯನ್ನು ಅವರು ಮೊದಲೇ ಸರಿಮಾಡಿರುತ್ತಾರೆ. ಮೂರರಲ್ಲಿ ಒಂದು ತಪ್ಪಿದರೂ ಬೇಡ. ಎಡಗಡೆ ಸ್ಟೀರಿಂಗ್ ಕಾರಿಗೆ ಮಾಡಿದ ಪೈಪು ನಮ್ಮಲ್ಲಿ ಬ್ಯಾಟರಿಗೋ ಬ್ರೇಕ್ ಬೂಸ್ಟರಿಗೋ ತಾಗಬಹುದು. ‘ಯೂನಿವರ್ಸಲ್’ ಎಂಬ ಚೀಟಿ ಅಂಟಿಸಿದ ಕಿಟ್ ಬ್ರಾಂಡೂ ಅಲ್ಲ, ಅಳತೆಗೆ ಮಾಡಿಸಿದ್ದೂ ಅಲ್ಲ.

ದಿನವೂ ಹಿಂಜವಡಿಗೆ ಹೋಗಿ ಬರುವ, ಹಬ್ಬಕ್ಕೊಮ್ಮೆ ಬೆಳಗಾವಿ–ಹುಬ್ಬಳ್ಳಿಗೆ ಹೋಗುವ ಕಾರಿಗೆ ಮೂಲ ಏರ್‌ಬಾಕ್ಸಿನಲ್ಲೇ ಕೂರುವ ಪ್ಯಾನೆಲ್ ಫಿಲ್ಟರ್ ಧಾರಾಳ ಸಾಕು. ಕೊಳ್ಳುವಾಗ ಐಎಸ್‌ಒ 5011 ಪರೀಕ್ಷೆಯ ವರದಿ ಇದೆಯೇ ಎಂದು ಕೇಳಿ. ಫಿಲ್ಟರ್ ಎಷ್ಟು ಧೂಳು ಹಿಡಿಯುತ್ತದೆ ಎಂದು ಅಳೆಯುವ ಪರೀಕ್ಷೆ ಅದೇ. ಎಣ್ಣೆ ಹಚ್ಚಿದ ಹತ್ತಿ ಫಿಲ್ಟರ್ ತೊಳೆದ ಮೇಲೆ ನೆರಳಿನಲ್ಲಿ ತಾನಾಗಿ ಒಣಗಬೇಕು. ಗ್ಯಾರೇಜಿನ ಕಂಪ್ರೆಸರ್ ಗಾಳಿ ಹೊಡೆಸಿದರೆ ಹತ್ತಿಯ ಎಳೆ ಬಿಟ್ಟುಕೊಳ್ಳುತ್ತದೆ. ಎಣ್ಣೆ ತೆಳುವಾಗಿ ಹಚ್ಚಿ. ಹೆಚ್ಚಾದದ್ದು ಹಾರಿ ಸೆನ್ಸರ್ ತಂತಿಯ ಮೇಲೆ ಕೂರುತ್ತದೆ.

ಅಳತೆಗೆ ಮಾಡಿಸುವಾಗ

ಮೊದಲು ನಿಮ್ಮ ಕಾರಿನಲ್ಲಿ ಯಾವ ಸೆನ್ಸರ್ ಇದೆ ನೋಡಿ. ಫಿಲ್ಟರ್ ಡಬ್ಬಿ ದಾಟಿದ ಕೂಡಲೇ ಪೈಪಿನಲ್ಲಿ ನಾಲ್ಕೈದು ವೈರಿನ ಸಾಕೆಟ್ ಇದ್ದರೆ ಅದು ಎಂಎಎಫ್, ಒಳಬರುವ ಗಾಳಿಯನ್ನು ಅಳೆಯುವ ಬಿಸಿತಂತಿ. ಡೀಸೆಲ್ ಕಾರುಗಳಲ್ಲಿ ಇದು ಸಾಮಾನ್ಯ. ಬಹಳಷ್ಟು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಇದರ ಬದಲು ಮ್ಯಾನಿಫೋಲ್ಡಿನಲ್ಲಿ ಒತ್ತಡ ಅಳೆಯುವ ಎಂಎಪಿ ಇರುತ್ತದೆ. ಅಲ್ಲಿ ಪೈಪಿನ ಅಳತೆಗೆ ಸ್ವಲ್ಪ ಸ್ವಾತಂತ್ರ್ಯವಿದೆ, ಎಂಎಎಫ್ ಇದ್ದರೆ ಎಳ್ಳಷ್ಟೂ ಇಲ್ಲ. ಮೂಲ ಪೈಪಿನ ಒಳವ್ಯಾಸ 63 ಮಿ.ಮೀ. ಇದ್ದು ನೀವು 70 ಮಿ.ಮೀ. ಹಾಕಿಸಿದರೆ ಒಳಗಿನ ಜಾಗ ಶೇ 23 ಹೆಚ್ಚಿ, ತಂತಿಯ ಮೇಲೆ ಹಾಯುವ ಗಾಳಿಯ ವೇಗ ಶೇ 19 ಇಳಿಯುತ್ತದೆ. ಗಾಳಿ ಕಡಿಮೆ ಬಂತೆಂದು ತಿಳಿದು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲನ್ನೂ ಕಡಿಮೆ ಬಿಡುತ್ತದೆ. ಎಂಜಿನ್ ಲೈಟ್ ಹತ್ತುತ್ತದೆ, ಸ್ಕ್ಯಾನರಿನಲ್ಲಿ ಪಿ0171 (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎಂಬ ದೋಷಸಂಕೇತ) ಬರುತ್ತದೆ. ಡೀಸೆಲ್‌ನಲ್ಲಿ ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಲೆಕ್ಕ ತಪ್ಪುತ್ತದೆ.

ಆದ್ದರಿಂದ ಎಂಎಎಫ್ ಕೂರುವ ತುಂಡು ಮೂಲದ್ದೇ ಇರಲಿ. ಅದನ್ನೂ ಮಾಡಿಸಲೇಬೇಕಿದ್ದರೆ ಒಳವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು ಅಷ್ಟೇ ಇಡಿಸಿ. ಸೆನ್ಸರಿಗೆ ಮೊದಲು ಪೈಪು ಕನಿಷ್ಠ 10 ಸೆಂ.ಮೀ. ನೇರವಾಗಿರಲಿ, ಅಲ್ಲಿರುವ ಮೂಲದ ಜಾಲರಿಯನ್ನು ಎಸೆಯಬೇಡಿ.

ಪೈಪಿಗೆ 1.5ರಿಂದ 2 ಮಿ.ಮೀ. ದಪ್ಪದ ಅಲ್ಯುಮಿನಿಯಂ, ಟಿಗ್ ವೆಲ್ಡಿಂಗ್. ನಲ್ಲಿಗೆ ಹಾಕುವ ಪಿವಿಸಿ ಪೈಪಿನಲ್ಲಿ ಮಾಡಿಕೊಡುತ್ತೇನೆ ಎನ್ನುವವರಿದ್ದಾರೆ. ಬಿಸಿಗೆ ಅದು ಮೆತ್ತಗಾಗುತ್ತದೆ. ಪೈಪಿನ ತುದಿಗೆ 2 ಮಿ.ಮೀ. ಉಬ್ಬು ಹೊಡೆಸಿ, ಇಲ್ಲದಿದ್ದರೆ ಪೈಪುಗಳನ್ನು ಜೋಡಿಸುವ ಸಿಲಿಕೋನ್ ಹೋಸ್ ಜಾರುತ್ತದೆ. ಹೋಸಿನೊಳಗೆ ಪೈಪು ಎರಡೂ ಕಡೆ 25 ಮಿ.ಮೀ. ಹೋಗಿರಬೇಕು, ತುದಿಗಳ ನಡುವೆ 5ರಿಂದ 10 ಮಿ.ಮೀ. ಬಿಡುವು ಇರಬೇಕು. ಗೇರ್ ಹಾಕಿದಾಗ ಎಂಜಿನ್ ಅಲ್ಲಾಡುತ್ತದಲ್ಲ, ಅದಕ್ಕೆ. ಅದೇ ಕಾರಣಕ್ಕೆ ಬಾನೆಟ್, ಬ್ಯಾಟರಿ, ಫ್ಯಾನ್ ಯಾವುದಕ್ಕೂ 15 ಮಿ.ಮೀ.ಗಿಂತ ಹತ್ತಿರ ಬೇಡ, ಬ್ರಾಕೆಟ್ಟಿಗೆ ರಬ್ಬರ್ ಬುಷ್ ಕಡ್ಡಾಯ. ಎಂಜಿನ್ನಿನೊಳಗಿನ ಆವಿಯನ್ನು ಹೊರತರುವ ಬ್ರೀದರ್ ಹೋಸಿಗೆ ಪೈಪಿನಲ್ಲಿ, ಎಂಎಎಫ್ ಆದಮೇಲೆ, ನಿಪ್ಪಲ್ ಇಡಿಸಿ. ಅದನ್ನು ಬಿಟ್ಟು ಬ್ರೀದರ್ ಬಾಯಿಗೆ ಪುಟ್ಟ ಫಿಲ್ಟರ್ ತುರುಕಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಹೊಕ್ಕು ಮತ್ತದೇ ಎಂಜಿನ್ ಲೈಟ್. ಫಿಲ್ಟರಿನ ಸುತ್ತ ಮುಚ್ಚಿದ ಡಬ್ಬಿ ಬೇಕು. ಅದರ ಬಾಯಿ ಹೆಡ್‌ಲೈಟಿನ ಪಕ್ಕದ ಮೂಲ ರಂಧ್ರಕ್ಕೇ ಸೇರಲಿ.

ಕಾರಿಗೆ ಹಾಕುವ ಮುಂಚೆ ಪೈಪಿನೊಳಗೆ ಬೆರಳಾಡಿಸಿ ನೋಡಿ. ವೆಲ್ಡಿಂಗ್ ಗುಳ್ಳೆ, ಗ್ರೈಂಡರಿನ ಪುಡಿ ಸಿಕ್ಕೇ ಸಿಗುತ್ತದೆ. ಉಜ್ಜಿ ತೆಗೆದು, ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಟರ್ಬೊ ಕಾರಾದರೆ ಆ ಪುಡಿಯ ಒಂದೇ ಒಂದು ಚೂರು ಟರ್ಬೊ ರೆಕ್ಕೆಯನ್ನು ಕಚ್ಚಿ ತೆಗೆಯಬಲ್ಲದು.

ಮಳೆ

ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸುವ ‘ಕೋಲ್ಡ್ ಏರ್’ ಇನ್‌ಟೇಕ್, ಬ್ರಾಂಡಿನದಾದರೂ ಸರಿ, ಮುಂಬೈಗೆ ಓಡಾಡುವ ಕಾರಿಗೆ ಬೇಡವೇ ಬೇಡ. ಜುಲೈ ತಿಂಗಳಲ್ಲಿ ಹಿಂದ್‌ಮಾತಾದಲ್ಲೋ ಅಂಧೇರಿ ಸಬ್‌ವೇಯಲ್ಲೋ ಮೊಣಕಾಲುದ್ದ ನೀರು ನಿಂತರೆ ಫಿಲ್ಟರ್ ನೀರನ್ನೇ ಹೀರುತ್ತದೆ. ನೀರು ಸಿಲಿಂಡರಿನಲ್ಲಿ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯದೆ ಟೋಯಿಂಗ್‌ಗೆ ಹೇಳಿ. ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ಕವರ್ ಇಲ್ಲದ ಸಾಮಾನ್ಯ ವಿಮೆ ಈ ನಷ್ಟ ಕೊಡುವುದಿಲ್ಲ. ಇನ್‌ಟೇಕ್ ಬದಲಿಸಿದ್ದನ್ನು ವಿಮಾ ಕಂಪನಿಗೆ ಬರೆದು ತಿಳಿಸಿರಿ.

ಹಾಕಿಸಿದ ಮೇಲೆ

ಕಾರಿನ ಕಂಪ್ಯೂಟರ್ ಓದುವ ಓಬಿಡಿ ಡಾಂಗಲ್ ಸಿಕ್ಕಿಸಿ ಮೊಬೈಲಿನಲ್ಲಿ ಎರಡು ಅಂಕಿ ನೋಡಿ. ಪೆಟ್ರೋಲ್ ಕಾರಿನ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಪೆಟ್ರೋಲ್ ಪ್ರಮಾಣಕ್ಕೆ ಇಸಿಯು ಮಾಡಿಕೊಂಡ ತಿದ್ದುಪಡಿ) ಶೇ 10ರ ಒಳಗಿರಬೇಕು. ದಾಟಿದರೆ ಮೊದಲು ಕ್ಲಾಂಪ್‌ಗಳನ್ನು, ಆಮೇಲೆ ಎಂಎಎಫ್ ತುಂಡನ್ನು ನೋಡಿ. ರಸ್ತೆಯಲ್ಲಿ 60 ಕಿ.ಮೀ. ವೇಗದಲ್ಲಿದ್ದಾಗ ಇನ್‌ಟೇಕ್ ಗಾಳಿಯ ಉಷ್ಣತೆ ಹೊರಗಿನದಕ್ಕಿಂತ 10 ಡಿಗ್ರಿಗೂ ಮೇಲಿದ್ದರೆ ಡಬ್ಬಿ ಎಲ್ಲೋ ಸೋರುತ್ತಿದೆ. (ಟರ್ಬೊ ಕಾರಿನಲ್ಲಿ ಟರ್ಬೊಗೆ ಮೊದಲಿನ ಸೆನ್ಸರ್ ಓದಬೇಕು.) ಟ್ಯೂಬ್ ಹಲಗೆಯನ್ನು ಮತ್ತೆ ಕಟ್ಟಿ, ಮೊದಲಿನ ಅಳತೆಯೊಂದಿಗೆ ಹೋಲಿಸಿ.

ಸಾವಿರ ಕಿಲೊಮೀಟರ್ ಆದಮೇಲೆ ಫಿಲ್ಟರ್ ಬಿಚ್ಚಿ, ಪೈಪಿನ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿದಾಗ ರವೆಯಂತೆ ಕರಕರ ಎಂದರೆ ಧೂಳು ಫಿಲ್ಟರ್ ದಾಟಿ ಎಂಜಿನ್ನಿಗೆ ಹೋಗುತ್ತಿದೆ. ಧೂಳು ತುಂಬಿದ ಚಾಕಣ ರಸ್ತೆಯಲ್ಲಿ ಓಡುವ ಕಾರಿಗೆ ಈ ಪರೀಕ್ಷೆ ತಪ್ಪಿಸಬೇಡಿ. ಮೊದಲು ಕ್ಲಾಂಪ್ ಬಿಗಿ ಮಾಡಿ ನೋಡಿ. ಮತ್ತೆ ಕರಕರ ಬಂದರೆ ಆ ಫಿಲ್ಟರ್ ತೆಗೆದು ಮೂಲದ ಪೇಪರ್ ಫಿಲ್ಟರಿಗೇ ಮರಳಿ. ಹಳೆಯ ಏರ್‌ಬಾಕ್ಸನ್ನು ಗುಜರಿಗೆ ಹಾಕಬೇಡಿ ಎನ್ನುವುದು ಇದಕ್ಕೇ. ವಾರಂಟಿ ಕೆಲಸಕ್ಕೆ ಶೋರೂಮಿಗೆ ಹೋಗುವಾಗಲೂ ಅದು ಬೇಕಾಗುತ್ತದೆ.