ಅಮೆರಿಕದಲ್ಲಿ ಕಾಲೇಜ್ ಪ್ರೆಸಿಡೆಂಟ್ ಆಗುವ ದಾರಿ

ಹೊಸ ವಿದ್ಯಾರ್ಥಿಗಳ ಸ್ವಾಗತದ ದಿನ ಊರಿಂದ ಬಂದಿದ್ದ ನಮ್ಮಪ್ಪ ವೇದಿಕೆಯತ್ತ ಕೈ ತೋರಿಸಿ, "ಎದೆ ಮೇಲೆ ಅಷ್ಟು ದೊಡ್ಡ ಪದಕ ಹಾಕ್ಕೊಂಡಿದ್ದಾರಲ್ಲ, ಅವರೇನೋ ಪ್ರಿನ್ಸಿಪಾಲರು?" ಅಂದರು. ಅವರು ಪ್ರೆಸಿಡೆಂಟ್. ಇಲ್ಲಿ ಪ್ರಿನ್ಸಿಪಾಲ್ ಅಂದರೆ ಶಾಲೆಯ ಮುಖ್ಯಸ್ಥರು. "ಸರ್ಕಾರ ನೇಮಿಸಿದ್ದಾ?" ಎಂದು ಅಪ್ಪ ಕೇಳಿದ ಇನ್ನೊಂದು ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ.

ಪ್ರೆಸಿಡೆಂಟರನ್ನು ನೇಮಿಸುವುದೂ ತೆಗೆಯುವುದೂ ಬೋರ್ಡ್ ಆಫ್ ಟ್ರಸ್ಟೀಸ್, ಅಂದರೆ ಕಾಲೇಜಿನ ಆಡಳಿತ ಮಂಡಳಿ. ಖಾಸಗಿ ಕಾಲೇಜುಗಳಲ್ಲಿ ಹೆಚ್ಚಾಗಿ ಬೋರ್ಡೇ ತನ್ನ ಹೊಸ ಸದಸ್ಯರನ್ನು ಆರಿಸಿಕೊಳ್ಳುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಹಳ ಕಡೆ ಬೋರ್ಡಿನ ಸದಸ್ಯರನ್ನು ನೇಮಿಸುವುದು ಗವರ್ನರ್, ಅಂದರೆ ರಾಜ್ಯದ ಚುನಾಯಿತ ಮುಖ್ಯಸ್ಥರು. ಹುದ್ದೆಯ ಹೆಸರು ನೋಡಿ ಮೋಸಹೋಗಬೇಡಿ. ನಮ್ಮಲ್ಲಿ ರಾಜ್ಯಪಾಲರು ಕುಲಾಧಿಪತಿ (ಚಾನ್ಸಲರ್), ಕೆಲಸ ನಡೆಸುವವರು ಕುಲಪತಿ. ಮ್ಯಾಸಚೂಸೆಟ್ಸ್‌ನಲ್ಲಿ ಕ್ಯಾಂಪಸ್ಸಿಗೆ ಚಾನ್ಸಲರ್, ಎಲ್ಲ ಕ್ಯಾಂಪಸ್ಸುಗಳ ಮೇಲೆ ಪ್ರೆಸಿಡೆಂಟ್. ಟೆಕ್ಸಾಸ್‌ನಲ್ಲಿ ಇದು ತಿರುಗಾಮುರುಗಾ.

ಸಾಮಾನ್ಯವಾದ ದಾರಿ ತಿಳಿಯಲು ಕುಂಬ್ಳೆ ಸುಬ್ಬಸ್ವಾಮಿಯವರನ್ನು ನೋಡಿ. ಬೆಂಗಳೂರು ವಿಶ್ವವಿದ್ಯಾಲಯದ ಬಿಎಸ್ಸಿ, ದೆಹಲಿಯಲ್ಲಿ ಎಂಎಸ್ಸಿ, ಇಂಡಿಯಾನಾದಲ್ಲಿ ಪಿಎಚ್‌ಡಿ. ಕೆಂಟಕಿಯಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಪಾಠ ಮಾಡಿ, ಮಯಾಮಿಯಲ್ಲೂ ಇಂಡಿಯಾನಾದಲ್ಲೂ ಡೀನ್ ಆಗಿ, ಕೆಂಟಕಿಗೇ ಪ್ರೊವೋಸ್ಟ್ ಆಗಿ ಮರಳಿದರು. ಪ್ರೊವೋಸ್ಟ್ ಅಂದರೆ ಪಾಠ, ಸಂಶೋಧನೆಗಳ ಹೊಣೆ ಹೊತ್ತ ಎರಡನೇ ಸ್ಥಾನದವರು. 2012ರಿಂದ 2023ರವರೆಗೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿನ ಚಾನ್ಸಲರ್. ಹನ್ನೊಂದು ವರ್ಷ ಈಗ ಅಪರೂಪ. ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್‌ನ ಸಮೀಕ್ಷೆಯಲ್ಲಿ 2006ರಲ್ಲಿ ಪ್ರೆಸಿಡೆಂಟರು ಹುದ್ದೆಯಲ್ಲಿ ಕಳೆದಿದ್ದ ಅವಧಿ ಸರಾಸರಿ 8.5 ವರ್ಷ ಇತ್ತು, 2022ಕ್ಕೆ 5.9ಕ್ಕೆ ಇಳಿದಿತ್ತು.

ನಮ್ಮವರು ಹಿಂದೇಟು ಹಾಕುವುದು ಡೀನ್‌ಗಿಂತ ಕೆಳಗಿನ ಮೆಟ್ಟಿಲಲ್ಲಿ, ವಿಭಾಗದ ಚೇರ್, ಅಂದರೆ ಮುಖ್ಯಸ್ಥರು, ಆಗುವಾಗ. "ರಿಸರ್ಚ್ ಹಾಳಾಗುತ್ತೆ" ಅನ್ನುತ್ತಾರೆ. ಆಗುವುದು ನಿಜವೇ, ಟೆನ್ಯೂರ್ (ಕಾಯಂ ಹುದ್ದೆ) ಸಿಗುವ ಮುಂಚೆ ಖಂಡಿತ ಒಪ್ಪಬೇಡಿ. ಆದರೆ ಮುಂದೆ ಬೇಕಾಗುವುದೆಲ್ಲ ಕಲಿಯುವುದು ಅಲ್ಲೇ. ನಾನು ಚೇರ್ ಆದ ಮೊದಲ ವಾರ ಬೆಳಿಗ್ಗೆ ಎಂಟರ ಕ್ಲಾಸು ಯಾರಿಗೂ ಬೇಡ, ಒಬ್ಬರ ಪಕ್ಕ ಇನ್ನೊಬ್ಬರು ಕೂರಲ್ಲ, ಬಜೆಟ್ಟಿನಲ್ಲಿ ಒಂದು ಹುದ್ದೆ ಕಡಿತ. ಆ ವಾರ ನಾನು ಮಾಡಿದ್ದು ಬಾಗಿಲು ತೆರೆದಿಟ್ಟು ಎಲ್ಲರ ಮಾತು ಕೇಳಿದ್ದು, ಅಷ್ಟೇ. ಹಾಗೆ ಕೂತು ಕೇಳಲು ಬೇಸರ ಅನ್ನಿಸಿದರೆ ಈ ದಾರಿ ನಿಮ್ಮದಲ್ಲ.

ಪ್ರೆಸಿಡೆಂಟರಿಗೆ ಪಾಠ ಮಾಡುವ ಬಿಡುವು ಸಿಗುವುದೇ ಕಷ್ಟ. ದಾನಿಗಳು, ಹಳೆ ವಿದ್ಯಾರ್ಥಿಗಳು, ಶಾಸಕರು, ಬೋರ್ಡು, ಇವರ ನಡುವೆಯೇ ದಿನ ಮುಗಿಯುತ್ತದೆ. ಕೈಚಾಚಿ ಹಣ ಕೇಳುವ ಸಂಕೋಚ ನಮ್ಮಲ್ಲಿ ರಕ್ತಗತ. ಅದನ್ನು ಚೇರ್ ಆಗಿರುವಾಗಲೇ ಸ್ವಲ್ಪ ಸ್ವಲ್ಪ ಬಿಡಬೇಕು.

ಹುದ್ದೆ ಒಪ್ಪುವಾಗ ಕರಾರಿನಲ್ಲಿ ಟೆನ್ಯೂರ್ ಸಹಿತ ಪ್ರೊಫೆಸರ್ ಸ್ಥಾನವನ್ನೂ ಬರೆಸಿಕೊಳ್ಳಿ. ಬೋರ್ಡಿನ ಬೆಂಬಲ ಒಂದು ಚಳಿಗಾಲದಲ್ಲೇ ಕರಗಬಹುದು. ಹಾರ್ವರ್ಡ್‌ನ ಪ್ರೆಸಿಡೆಂಟ್ ಆಗಿದ್ದ ಕ್ಲಾಡಿನ್ ಗೇ ಆರೇ ತಿಂಗಳಿಗೆ, 2024ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಪ್ರಾಧ್ಯಾಪಕ ಹುದ್ದೆ ಉಳಿಯಿತು.

ಖಾಸಗಿ ಕಾಲೇಜಾದರೆ ಸಂದರ್ಶನಕ್ಕೆ ಮುಂಚೆ ಅದರ ಫಾರ್ಮ್ 990 ತೆಗೆದು ಓದಿ. ತೆರಿಗೆ ಇಲಾಖೆಗೆ ಸಲ್ಲಿಸುವ ಈ ಕಾಗದ ಯಾರಿಗೆ ಬೇಕಾದರೂ ಸಿಗುತ್ತದೆ. ಹಿಂದಿನ ಪ್ರೆಸಿಡೆಂಟರ ಸಂಬಳ, ಕಾಲೇಜಿನ ಆದಾಯ, ಖರ್ಚು ಎಲ್ಲ ಅದರಲ್ಲಿರುತ್ತದೆ. ನಾಲ್ಕು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ. ಖರ್ಚು ಪ್ರತಿ ವರ್ಷವೂ ಆದಾಯ ಮೀರಿದ್ದರೆ, ನಿಮ್ಮನ್ನು ಯಾವ ಕೆಲಸಕ್ಕೆ ಕರೆಯುತ್ತಿದ್ದಾರೆ ಎಂದು ಬೋರ್ಡನ್ನೇ ನೇರವಾಗಿ ಕೇಳಿ.